ಬಲಿತ ಪೊರೆಯ ಹಿಂದೆ ಏನಿದೆ?

ಮಾನ್ಯರೇ,

ನಮ್ಮತ್ತೆಗೆ 72 ವರ್ಷ. ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ‘ಬಲಿಯಲಿ ಬಿಡಿ, ಆಮೇಲೆ ತೆಗೆಸಿದರಾಯಿತು’ ಅನ್ನುವ ಹಳೇ ಕಾಲದ ಲೆಕ್ಕ ಅವರದು. ಬಲಿತೇ ಬಿಟ್ಟಿತು. ಪಾಪೆಯೆಲ್ಲ ಬೆಳ್ಳಗೆ. ಮನೆ ಹತ್ತಿರದ ಉಚಿತ ಶಿಬಿರದಲ್ಲಿ ಟಾರ್ಚ್ ಬಿಟ್ಟು ನೋಡಿ, ಮುಂದಿನ ವಾರ ಆಪರೇಷನ್ ಅಂತ ಚೀಟಿ ಕೊಟ್ಟರು. ಒಳಗೇನಿದೆ ಅಂತ ಯಾರೂ ನೋಡಲಿಲ್ಲ. ಬರೀ ಟಾರ್ಚಿನಲ್ಲಿ ನೋಡಲೂ ಆಗುತ್ತಿರಲಿಲ್ಲ ಅನ್ನಿ, ಬಲಿತ ಪೊರೆಯೆಂದರೆ ಕಿಟಕಿ ಗಾಜಿಗೆ ಸುಣ್ಣ ಬಳಿದ ಹಾಗೆ.

ಸಕ್ಕರೆ ಜಾಸ್ತಿ ಇದ್ದದ್ದರಿಂದ ಆ ತಾರೀಕು ಮುಂದೆ ಹೋಯಿತು. ಅಷ್ಟರಲ್ಲಿ ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ‘ಮೊದಲು ಬಿ-ಸ್ಕ್ಯಾನ್ ಮಾಡೋಣ’ ಅಂದರು. ಅಂದರೆ ಕಿವಿಗೆ ಕೇಳದ ಶಬ್ದ ಬಿಟ್ಟು, ಅದರ ಪ್ರತಿಧ್ವನಿಯಿಂದ ಕಣ್ಣೊಳಗಿನ ಚಿತ್ರ ತೆಗೆಯುವ ಅಲ್ಟ್ರಾಸೌಂಡ್. ‘ಸ್ಕ್ಯಾನಿಂಗ್ ಬಸುರಿಯರಿಗಲ್ವಾ?’ ಅಂತ ಅತ್ತೆ ನಕ್ಕರು. ಮುಚ್ಚಿದ ರೆಪ್ಪೆಗೆ ತಣ್ಣನೆ ಜೆಲ್ ಹಚ್ಚಿ, ದಪ್ಪ ಮಾರ್ಕರ್ ಪೆನ್ನಿನಂಥ ಪ್ರೋಬ್ ಇಟ್ಟರು. ‘ಮೇಲೆ ನೋಡಿ ಅಮ್ಮ, ಈಗ ಮೂಗಿನ ಕಡೆ.’ ಐದೇ ನಿಮಿಷ. ಪರದೆ ಮೇಲೆ ಕಣ್ಣೊಳಗಿನ ದ್ರವ ಕಪ್ಪಗೆ ಕಂಡಿತು. ಹಿಂದಿನ ಗೋಡೆಯಿಂದ ಅಣಬೆ ಎದ್ದ ಹಾಗೆ ಒಂದು ಗಡ್ಡೆ, ಎತ್ತರ 6 ಮಿ.ಮೀ. ಮೆಲನೋಮ ಅನ್ನುವ ಕ್ಯಾನ್ಸರ್ ಇರಬಹುದು ಅಂದರು. ನಮ್ಮ ದೇಶದವರಲ್ಲಿ ಅಪರೂಪವಂತೆ. ಈಗ ಚಿಕಿತ್ಸೆ ನಡೆಯುತ್ತಿದೆ.

ಗೊತ್ತಿಲ್ಲದೆ ಅಂಥ ಕಣ್ಣಿಗೆ ಕತ್ತರಿ ಹಾಕಿದರೆ ಗಡ್ಡೆ ಹೊರಗೆ ಹರಡುವ ಅಪಾಯವಿದೆ. ಮಕ್ಕಳ ಕಣ್ಣಿಗೆ ಬರುವ ರೆಟಿನೊಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್‌ನಲ್ಲಿ ಸೂಜಿ ಚುಚ್ಚಿ ತುಣುಕು ತೆಗೆಯದಿರುವುದೂ ಇದೇ ಭಯಕ್ಕೆ. ಸ್ಕ್ಯಾನಿನಲ್ಲಾದರೆ ಆ ಗಡ್ಡೆಯೊಳಗಿನ ಕ್ಯಾಲ್ಸಿಯಂ ಚುಕ್ಕೆಗಳು ಬೆಳ್ಳಗೆ ಹೊಳೆಯುತ್ತವೆ, ಹಿಂದೆ ನೆರಳು ಬೀಳುತ್ತದೆ. (ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಕಂಡರೆ ದಯವಿಟ್ಟು ಸುಮ್ನೆ ಬಿಡಬೇಡಿ.)

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. 1956ರಲ್ಲೇ ಅಮೆರಿಕದ ಮಂಟ್ ಮತ್ತು ಹ್ಯೂಸ್ ಕಣ್ಣಿನ ಗಡ್ಡೆ ಹುಡುಕಲು ಈ ಕಿವಿಗೆ ಕೇಳದ ಶಬ್ದವನ್ನು ಬಳಸಿದ್ದರು. ಎಕ್ಸ್‌ರೇ ತರಹ ವಿಕಿರಣದ ಭಯವಿಲ್ಲ, ನೋವಿಲ್ಲ.

ಶಿಬಿರದವರನ್ನು ಬೈಯಲು ಬರೆಯುತ್ತಿಲ್ಲ. ಅವರದು ಪುಣ್ಯದ ಕೆಲಸವೇ. ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ಆದರೆ ಒಳಗೆ ಕಾಣದಷ್ಟು ಪೊರೆ ಬಲಿತವರಿಗೆ ಆಪರೇಷನ್‌ಗೆ ಮುಂಚೆ ಬಿ-ಸ್ಕ್ಯಾನ್ ಆಗಲೇಬೇಕು. ಮಿಂಟೊದಂಥ ಕಣ್ಣಾಸ್ಪತ್ರೆ ಇರುವ ಊರು ಇದು. ಮಷೀನ್ ಇಲ್ಲದ ಶಿಬಿರದವರು ಅಂಥವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರೂ ಸಾಕು. ಆರೋಗ್ಯ ಇಲಾಖೆ ಎಲ್ಲ ಶಿಬಿರಗಳಿಗೂ ಹೀಗೊಂದು ಸೂಚನೆ ಕೊಡಲಿ.

— ಓದುಗಳು, ರಾಜಾಜಿನಗರ, ಬೆಂಗಳೂರು