ಬೇಲಿಯಾಚೆಗೆ ಒಮ್ಮೆ ಕರೆದುಕೊಂಡು ಹೋಗು

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿನ್ನ ಹೆಣ್ಣು ಕುದುರೆ ಸವಾರಿ ಅಭ್ಯಾಸದ ಅಂಗಳ ಇದೆಯಲ್ಲ, ಆ ಅರೀನಾದ ಗೇಟು ಕಂಡರೆ ಸಾಕು ಕಾಲೆಳೆಯುತ್ತದೆ, ಎಷ್ಟು ಹಿಮ್ಮಡಿ ಒತ್ತಿದರೂ ಮುಂದೆ ಹೋಗುವುದಿಲ್ಲ, ಸೋಮಾರಿ ಆಗಿಬಿಟ್ಟಿದೆ ಅಂತ ಬರೆದಿದ್ದೀಯ. ಚಾವಟಿ ಬದಲಾಯಿಸಬೇಕಾ ಅಂತಲೂ ಕೇಳಿದ್ದೀಯ. ಬೇಡ ಕಣೋ. ಮೊದಲು ವೆಟ್ ಕರೆಸಿ ಅದರ ಬೆನ್ನು, ಕಾಲು, ಹಲ್ಲು ತೋರಿಸು. ಜೀನು ಎಲ್ಲಾದರೂ ಒತ್ತುತ್ತಿದೆಯಾ ನೋಡಿಸು. ಎಲ್ಲೂ ನೋವಿಲ್ಲ ಅಂತ ಗೊತ್ತಾದ ಮೇಲೆ, ಅದನ್ನು ಬೇಲಿಯಾಚೆಗೆ ಕರೆದುಕೊಂಡು ಹೋಗು.

ನಿಮ್ಮ ಅರೀನಾ 20 ಮೀಟರ್ ಅಗಲ, 60 ಮೀಟರ್ ಉದ್ದ ಅಲ್ವಾ? ಒಂದು ಸುತ್ತು ಅಂದರೆ 160 ಮೀಟರ್. ಐದು ಕಿಲೋಮೀಟರ್ ಓಡಿಸಿದರೆ ಮೂವತ್ತೊಂದು ಸುತ್ತು. ಅದೇ ಮರಳು, ಅದೇ ನಾಲ್ಕು ಮೂಲೆ, ಅದೇ ಕಂಬ. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ನಿನ್ನ ಕುದುರೆ ಇದನ್ನೆಲ್ಲ ಕಣ್ಣು ಬಿಟ್ಟುಕೊಂಡು ದಿನಾ ನೋಡಬೇಕು.

ನನ್ನ ಕುದುರೆಯೂ ಹೀಗೇ ಇತ್ತು. ಎರಡು ವರ್ಷ ಅದನ್ನು ಒಳಗೇ ಸುತ್ತಿಸಿದೆ. ಮೊದಲ ಸಲ ಹೊರಗೆ ಹೋದ ದಿನ ನಾನು ಏನೂ ಕೇಳಲಿಲ್ಲ, ಸುಮ್ನೆ ಲಗಾಮು ಸಡಿಲ ಬಿಟ್ಟು ಕೂತೆ. ಐದು ನಿಮಿಷಕ್ಕೆ ಅದರ ಕಿವಿ ನಿಮಿರಿತು. ಕುತ್ತಿಗೆ ತಾನಾಗಿ ಮುಂದಕ್ಕೆ ಚಾಚಿತು. ಹೆಜ್ಜೆ ಉದ್ದವಾಯಿತು, ಬೆನ್ನು ನನ್ನ ಕೆಳಗೆ ತೂಗತೊಡಗಿತು. ತಿಂಗಳುಗಟ್ಟಲೆ ಕಾಲು ಒತ್ತಿ ಒತ್ತಿ ಬೇಡಿದ್ದ ನಡಿಗೆ ಅದು. ಎಲ್ಲಿಗೋ ಹೋಗುತ್ತಿದ್ದೇವೆ ಅಂತ ಕುದುರೆಗೆ ಅನ್ನಿಸಿದ್ದೇ ಸಾಕಾಯಿತು. ಅವತ್ತು ನನ್ನ ಕಣ್ಣು ಒದ್ದೆಯಾಗಿತ್ತು.

ದೇಹದ ವಿಷಯಕ್ಕೆ ಬಂದರೆ, ನಾನು ಮೊದಲು ಹೇಳುವುದು ಏರು ದಾರಿಯನ್ನು. ನಿಂತಾಗ ಕುದುರೆಯ ಭಾರದಲ್ಲಿ ಸುಮಾರು 60 ಶೇಕಡಾ ಮುಂಗಾಲಿನ ಮೇಲಿರುತ್ತದೆ. ಏರು ಹತ್ತುವಾಗ ಹಿಂಗಾಲು ತಳ್ಳಲೇಬೇಕು, ಬೇರೆ ದಾರಿಯಿಲ್ಲ. ನಾವು ಅರೀನಾದಲ್ಲಿ ಅಷ್ಟು ಕಷ್ಟಪಟ್ಟು ಕಲಿಸುವುದೂ ಇದನ್ನೇ ತಾನೇ. ಅದೂ ಓಡಿಸಬೇಕಿಲ್ಲ, ನಡಿಗೆಯಲ್ಲೇ ನಿಧಾನವಾಗಿ ಹತ್ತಿಸು. ಕುತ್ತಿಗೆಯ ಕೂದಲಿನ ಹತ್ತಿರ ಕೈಯಿಟ್ಟು ಸ್ವಲ್ಪ ಮುಂದಕ್ಕೆ ಬಾಗು, ಅದರ ಬೆನ್ನಿಗೆ ಜಾಗ ಬಿಡು. ಇಳಿಜಾರಿನಲ್ಲಿ ನೇರ ಕೂತು, ಅಡ್ಡ ತಿರುಗಿಸದೆ ನೇರವಾಗಿ ಇಳಿಸು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಪ್ರತಿ ಹೆಜ್ಜೆಗೂ ಹೊಟ್ಟೆ ಬಿಗಿಹಿಡಿದು, ತನ್ನ ಭಾರವನ್ನು ತಾನೇ ತಡೆಯಬೇಕು.

ನೆಲವೂ ಪಾಠ ಹೇಳುತ್ತದೆ. ಸಪಾಟಾದ ಮರಳಿನಲ್ಲಿ ಕುದುರೆ ಕಾಲು ಎಲ್ಲಿಡಬೇಕು ಅಂತ ಯೋಚಿಸುವುದೇ ಇಲ್ಲ. ಬೇರು, ಕಲ್ಲು, ಹುಲ್ಲು, ತಗ್ಗು ಸಿಕ್ಕರೆ ನೋಡಿ ಹೆಜ್ಜೆ ಹಾಕುತ್ತದೆ. ಗಟ್ಟಿ ನೆಲದಲ್ಲಿ ಸ್ವಲ್ಪ ಸ್ವಲ್ಪವೇ ನಡೆಸಿದರೆ ಎಲುಬು ಆ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್‌ಗಳು ಗಟ್ಟಿಯಾಗಲು ಇನ್ನೂ ಜಾಸ್ತಿ ಸಮಯ ಬೇಕು. ಅದಕ್ಕೇ ಮೊದಲ ವಾರಗಳಲ್ಲಿ ಬರೀ ನಡಿಗೆ, ಗಟ್ಟಿ ದಾರಿಯಲ್ಲಿ ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ಓಟ, ಬೇಡ. ಇನ್ನೊಂದು ಲಾಭ ಇದೆ. ಸುತ್ತು ಹೊಡೆಯುವಾಗ ಒಳಗಿನ ಕಾಲಿಗೂ ಹೊರಗಿನ ಕಾಲಿಗೂ ಬೇರೆ ಬೇರೆ ಭಾರ ಬೀಳುತ್ತದೆ. ನೇರ ದಾರಿಯಲ್ಲಿ ಕುದುರೆ ನೇರವಾಗಿ ನಡೆಯುತ್ತದೆ.

ನಿನ್ನ ನಿಜವಾದ ಭಯ ಬೇರೆ ಅಂತ ನನಗೆ ಗೊತ್ತು. ಬೆದರಿದರೆ?

ಬೆದರುತ್ತದೆ. ಒಂದಲ್ಲ ಒಂದು ದಿನ ಬೆದರಿಯೇ ತೀರುತ್ತದೆ. ನನ್ನದು ಬೇಲಿಗೆ ಸಿಕ್ಕಿಕೊಂಡಿದ್ದ ನೀಲಿ ಟಾರ್ಪಾಲಿಗೆ ಬೆದರಿತು. ನಾನು ಲಗಾಮು ಬಿಗಿಹಿಡಿದು, ಉಸಿರು ಕಟ್ಟಿ, ಹಿಮ್ಮಡಿ ಒತ್ತಿ ಅದನ್ನು ದಾಟಿಸಲು ಹೋದೆ. ಅದು ಗಿರ್ರನೆ ತಿರುಗಿತು, ನಾನು ನೆಲಕ್ಕೆ ಬಿದ್ದೆ. ತಪ್ಪು ಪೂರ್ತಿ ನನ್ನದು. ನನ್ನ ಮೈಯೆಲ್ಲ ಬಿಗಿದು 'ಅಪಾಯ' ಅಂತ ಹೇಳುತ್ತಿದ್ದಾಗ ಅದು ಇನ್ನೇನು ಮಾಡೀತು?

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಬಿಸಿಲಿನಿಂದ ದಟ್ಟ ನೆರಳಿಗೆ ಕಾಲಿಟ್ಟಾಗ ಅದರ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಮರಗಳ ಕೆಳಗೆ ಹೋಗುವಾಗ ತಡೆದು ನಿಂತರೆ ಹಠ ಅಂದುಕೊಳ್ಳಬೇಡ. ನಿಲ್ಲಿಸು. ನೋಡಲಿ. ನೀನು ಉಸಿರು ಬಿಡು, ಜೋರಾಗಿ, ಅದಕ್ಕೆ ಕೇಳುವಂತೆ. ತಲೆ ತಗ್ಗಿಸಿ ಮೂಗಿನಿಂದ ಫುರ್ ಅಂತು ಅಂದರೆ ಮುಂದೆ ಹೋಗಬಹುದು. ನಾನು ಆ ಟಾರ್ಪಾಲನ್ನು ಮರುದಿನ ಹೀಗೇ ದಾಟಿಸಿದೆ. ಕೆಳಗಿಳಿದು, ಜೊತೆಗೆ ನಡೆದು. ಇಳಿದು ನಡೆಸುವುದರಲ್ಲಿ ಸೋಲೇನೂ ಇಲ್ಲ.

ಇದು ಬರೀ ಮೋಜಿನ ಸವಾರರ ಮಾತು ಅಂದುಕೊಳ್ಳಬೇಡ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲೂ 2016ರ ರಿಯೊದಲ್ಲೂ ಡ್ರೆಸಾಜ್ (ಕುದುರೆಯ ನಾಜೂಕಾದ ಚಲನೆಗಳ ಸ್ಪರ್ಧೆ) ಚಿನ್ನ ಗೆದ್ದ ವಲೆಗ್ರೊ ಕುದುರೆಯನ್ನು ಹೊರಗಿನ ದಾರಿಗಳಲ್ಲಿ ಸುತ್ತಾಡಿಸುತ್ತಿದ್ದರು, ಹುಲ್ಲಿಗೆ ಬಿಡುತ್ತಿದ್ದರು. ಅಷ್ಟು ಬೆಲೆಬಾಳುವ ಕುದುರೆಯನ್ನೇ! ಅದಕ್ಕೂ ಬಹಳ ಹಿಂದೆ, ಸುಮಾರು 2,400 ವರ್ಷದ ಕೆಳಗೆ, ಗ್ರೀಸಿನ ಸೇನಾನಿ, ಲೇಖಕ ಕ್ಸೆನೊಫೋನ್ ಕುದುರೆಗೆ ಏರು, ಇಳಿಜಾರು, ಹಳ್ಳ ಎಲ್ಲವನ್ನೂ ಅಭ್ಯಾಸ ಮಾಡಿಸಬೇಕು ಅಂತ ಬರೆದಿಟ್ಟಿದ್ದಾನೆ.

ಅಭ್ಯಾಸವೂ ನಿಲ್ಲುವುದಿಲ್ಲ. ಎರಡು ಮರಗಳ ನಡುವೆ ಟ್ರಾಟ್, ಮುಂದಿನ ಮರದ ಹತ್ತಿರ ನಡಿಗೆ. ದಾರಿಯ ಅಂಚಿನಲ್ಲಿ ನಾಲ್ಕು ಹೆಜ್ಜೆ ಶೋಲ್ಡರ್-ಇನ್, ಅಂದರೆ ಮುಂಭುಜವನ್ನು ಸ್ವಲ್ಪ ಒಳಕ್ಕೆ ತಂದು ನಡೆಸುವುದು. ನನ್ನ ಕುದುರೆ ಇದನ್ನು ಒಳಗಿಗಿಂತ ಹೊರಗೆ ಚೆನ್ನಾಗಿ ಮಾಡುತ್ತದೆ.

ಕೆಲವು ಮಾತು ಮಾತ್ರ ತಪ್ಪಿಸಬೇಡ. ಹೆಲ್ಮೆಟ್ ಇಲ್ಲದೆ ಹೋಗಬೇಡ. ಫೋನು ನಿನ್ನ ಮೈಮೇಲಿರಲಿ, ಜೀನಿನ ಚೀಲದಲ್ಲಿ ಬೇಡ. ನೀನು ಬಿದ್ದರೆ ಫೋನು ಕುದುರೆಯ ಜೊತೆ ಹೊರಟುಹೋಗುತ್ತದೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಲಾಯದಲ್ಲಿ ಹೇಳಿ ಹೋಗು. ಮನೆ ಕಡೆ ಮುಖ ಮಾಡಿದಾಗ ಕ್ಯಾಂಟರ್, ಅಂದರೆ ಟ್ರಾಟಿಗಿಂತ ವೇಗದ ಓಟ, ಬೇಡ. ಒಂದೆರಡು ಸಲ ಹಾಗೆ ಮಾಡಿದರೆ ಸಾಕು, ಆ ತಿರುವಿನಲ್ಲಿ ಓಡುವುದೇ ಅಭ್ಯಾಸವಾಗುತ್ತದೆ. ಕೊನೆಯ ಒಂದು ಕಿಲೋಮೀಟರ್ ಲಗಾಮು ಸಡಿಲ ಬಿಟ್ಟು ನಡೆಸಿಕೊಂಡೇ ಬಾ.

ಮೊದಲ ಸಲ ಒಬ್ಬನೇ ಹೋಗಬೇಡ. ಭಾನುವಾರ ನಾನು ನನ್ನ ಕುದುರೆ ತರುತ್ತೇನೆ. ಅದಕ್ಕೀಗ ಹದಿನೆಂಟು ವರ್ಷ, ಟಾರ್ಪಾಲಿಗೂ ಹೆದರುವುದಿಲ್ಲ. ಅದು ಮುಂದೆ ನಡೆಯಲಿ, ನಿನ್ನದು ಅದರ ಬಾಲ ನೋಡಿಕೊಂಡು, ಒಂದು ಕುದುರೆಯಷ್ಟು ಅಂತರ ಬಿಟ್ಟು ಹಿಂದೆ ಬರಲಿ. ಇಪ್ಪತ್ತೇ ನಿಮಿಷ. ಬಿಸಿಲೇರುವ ಮೊದಲೇ ಹೊರಡೋಣ, ಜೀನು ಹಾಕಿ ರೆಡಿ ಇರು.

ನಿನ್ನ ಗೆಳೆಯ