ಹೀಟರ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಎಂಟಕ್ಕೆ ಬಿ ಬ್ಲಾಕಿನ ಫ್ಯೂಸ್ ಮತ್ತೆ ಹೋಯಿತು. ಈ ವಾರ ಇದು ಎರಡನೇ ಸಲ. ಗೀಸರ್, ಹೀಟರ್ ಎಲ್ಲ ಒಟ್ಟಿಗೆ ಆನ್ ಆದರೆ ಇನ್ನೇನಾಗುತ್ತದೆ? ಚಳಿಯೂ ಹಾಗೇ ಇದೆ, ನಮ್ಮ ಹೊಸೂರನ್ನು ‘ಲಿಟಲ್ ಇಂಗ್ಲೆಂಡ್’ ಅಂತ ಸುಮ್ನೆ ಕರೆದರಾ!

ಬಿ ಬ್ಲಾಕಿನವರು ದಯವಿಟ್ಟು ಗೀಸರನ್ನು ಸಂಜೆ ಏಳಕ್ಕೆ ಮುಂಚೆ ಅಥವಾ ಒಂಬತ್ತರ ಮೇಲೆ ಹಾಕಿ. ಹೀಟರ್‌ಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ನಮ್ಮನೆಯ ಬೋರ್ಡಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದ ಮೇಲೆ ನನಗೆ ಬುದ್ಧಿ ಬಂತು.

ಬಿಲ್ಲಿನ ವಿಷಯ. 2000 ವಾಟ್ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಬಿಡದೆ ಉರಿಸಿದರೆ ಎರಡು ತಿಂಗಳ ಬಿಲ್ಲಿಗೆ ಅದೊಂದೇ 480 ಯೂನಿಟ್! ಆಯಿಲ್ ಹೀಟರ್ ಕರೆಂಟ್ ಉಳಿಸುತ್ತದೆ ಅನ್ನೋದು ಅಂಗಡಿಯವರ ಮಾತು. ಅಷ್ಟೇ ಯೂನಿಟ್ಟಿಗೆ ಅಷ್ಟೇ ಶಾಖ. 100 ವಾಟಿನ ಎಲೆಕ್ಟ್ರಿಕ್ ಕಂಬಳಿಯಾದರೆ ಹತ್ತು ಗಂಟೆಗೂ ಒಂದೇ ಯೂನಿಟ್. ಬಾಗಿಲ ಸಂದಿಗೆ ಹಳೇ ಟವೆಲ್ ಸುತ್ತಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಮಾತ್ರ ಇಡಬೇಡಿ, ಹೊಗೆ ಕಾಣದಿದ್ದರೂ ಅದು ವಿಷಗಾಳಿ.

ಭಾನುವಾರ ಬೆಳಿಗ್ಗೆ 10ಕ್ಕೆ ಎಲೆಕ್ಟ್ರಿಷಿಯನ್ ಬರುತ್ತಾರೆ. ಸಾಕೆಟ್ ತೋರಿಸಬೇಕಾದವರು ಶುಕ್ರವಾರದೊಳಗೆ ಇಲ್ಲೇ ಮನೆ ನಂಬರ್ ಹಾಕಿ. ಬರೀ 👍 ಸಾಲದು.