ಗೆಳೆಯನಿಗೊಂದು ಪತ್ರ: ಮೇಷ್ಟ್ರ ಅಡಿಕೆ ಎಲ್ಲಿ ಹೋಯಿತು?

ಪ್ರೀತಿಯ ಗೆಳೆಯ,

ನಿನ್ನ ಗಣಿತದ ಮೇಷ್ಟ್ರ ನಿವೃತ್ತಿಗೆಂದು ನೀನು ಕಳುಹಿಸಿದ ಬೀಳ್ಕೊಡುಗೆ ಭಾಷಣವನ್ನು ಓದಿದೆ. ಚಾಟ್‌ಜಿಪಿಟಿಯಂಥ ಬರೆಯುವ ಯಂತ್ರದಿಂದ ಬರೆಸಿದ್ದೇನೆ, ನಾನೇ ಬರೆದ ಹಾಗೆ ಕಾಣುವಂತೆ ತಿದ್ದಿಕೊಡು ಎಂದಿದ್ದೀಯ. ತಿದ್ದುವುದು ನನ್ನ ಹೊಟ್ಟೆಪಾಡು. ಗಾಂಧಿ ಬಜಾರಿನ ನಮ್ಮ ಪುಟ್ಟ ಕಚೇರಿಗೆ ಈಗೀಗ ಬರುವುದು ಹೆಚ್ಚಾಗಿ ಇಂಥ ಬರಹಗಳೇ. ಅಭಿನಂದನಾ ಗ್ರಂಥದ ಲೇಖನವಿರಲಿ, ಸಂಘದ ಅಧ್ಯಕ್ಷರ ಮಾತಿರಲಿ, ಎಲ್ಲರದೂ ಒಂದೇ ಬೇಡಿಕೆ: ‘ಸ್ವಲ್ಪ ನಮ್ಮದು ಅನ್ನಿಸುವ ಹಾಗೆ ಮಾಡಿಕೊಡಿ.’ ಅದಕ್ಕೇ ನಿನ್ನ ಒಪ್ಪಿಗೆ ಪಡೆದು ಈ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಜೋಗದ ಕೊಡೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ನಿನ್ನ ಭಾಷಣದಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ. ‘ಗುರುಗಳು ಕೇವಲ ಗಣಿತವನ್ನು ಕಲಿಸಲಿಲ್ಲ, ಬದುಕಿನ ಲೆಕ್ಕಾಚಾರವನ್ನೂ ಕಲಿಸಿದರು’ ಎಂದು ಶುರುವಾಗುತ್ತದೆ. ನಾಡಿನ ಯಾವ ಗಣಿತದ ಮೇಷ್ಟ್ರು ನಿವೃತ್ತರಾದರೂ ಈ ಸಾಲನ್ನು ಓದಬಹುದು. ಆದರೆ ಮೊನ್ನೆ ಫೋನಿನಲ್ಲಿ ನೀನು ನನಗೆ ಹೇಳಿದ್ದೇನು? ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಮನೆಗೆ ಮೇಷ್ಟ್ರು ರಾತ್ರಿ ಊಟ ಮುಗಿಸಿ ಹೋಗುತ್ತಿದ್ದರು. ಕೊಯ್ಲಿನ ಕಾಲ, ಜಗಲಿಯಲ್ಲಿ ಎಲ್ಲರೂ ಅಡಿಕೆ ಸುಲಿಯುತ್ತಿರುತ್ತಿದ್ದರು. ಇವರೂ ಒಂದು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು. ಅಂಕದ ಮಾತನ್ನೇ ಎತ್ತುತ್ತಿರಲಿಲ್ಲ. ಹೊರಡುವಾಗ ಹುಡುಗನಿಗೆ, ‘ನಾಳೆ ಸ್ವಲ್ಪ ಬೇಗ ಬಾ’ ಎನ್ನುತ್ತಿದ್ದರು, ಅಷ್ಟೇ. ಹೀಗೆ ಹೇಳುವಾಗ ನಿನ್ನ ಗಂಟಲು ಕಟ್ಟಿತ್ತು. ಭಾಷಣದಲ್ಲಿ ಆ ಅಡಿಕೆಯೇ ಇಲ್ಲವಲ್ಲ!

ಯಂತ್ರವನ್ನು ಬೈದು ಪ್ರಯೋಜನವಿಲ್ಲ. 2022ರ ನವೆಂಬರ್ ಕೊನೆಗೆ ಬಂದ ಚಾಟ್‌ಜಿಪಿಟಿಯಾಗಲಿ, ಆಮೇಲೆ ಬಂದ ಅದರಂಥವುಗಳಾಗಲಿ ಮಾಡುವ ಮೂಲ ಕೆಲಸ ಒಂದೇ. ಈವರೆಗಿನ ಮಾತನ್ನು ನೋಡಿಕೊಂಡು ಮುಂದೆ ಯಾವ ಪದದ ತುಣುಕು ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ತುಣುಕಿಗೆ ತುಣುಕು ಸೇರಿಸುತ್ತಾ ಹೋಗುವುದು. ನೀನು ಕೊಟ್ಟದ್ದು ‘ಗಣಿತ ಶಿಕ್ಷಕರ ನಿವೃತ್ತಿ’ ಎಂಬಷ್ಟನ್ನೇ. ಅಷ್ಟಕ್ಕೆ ಬರುವ ಸಂಭವ ಹೆಚ್ಚಿರುವುದು ಎಲ್ಲರೂ ಆಡಿದ ಮಾತು. ಸಾಲದ್ದಕ್ಕೆ, ಯಾವ ಉತ್ತರ ಒಳ್ಳೆಯದು ಎಂದು ಮನುಷ್ಯರಿಂದಲೇ ಆರಿಸಿ ಅದಕ್ಕೆ ತರಬೇತಿ ಕೊಟ್ಟಿರುತ್ತಾರೆ. ಹಾಗೆ ಪಳಗಿದ ಬರಹ ಯಾರನ್ನೂ ನೋಯಿಸದೆ, ಎಲ್ಲಿಯೂ ಎಡವದೆ ಸಾಗುತ್ತದೆ. ಕನ್ನಡದ ಪಾಡು ಇನ್ನೂ ಬೇರೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು 4.37 ಕೋಟಿ. ಆದರೂ ಈ ಯಂತ್ರಗಳು ಹೆಚ್ಚಾಗಿ ಓದಿ ಕಲಿಯುವ ಅಂತರಜಾಲದ ಬರಹದಲ್ಲಿ ಕನ್ನಡದ ಪಾಲು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ನಿಮ್ಮ ಸಾಗರದ ಕಡೆ ಅಡಿಕೆ ಸುಲಿಯುತ್ತಾ ಜಗಲಿಯಲ್ಲಿ ಆಡಿದ ಮಾತುಗಳನ್ನು ಯಾರೂ ಅಲ್ಲಿಗೆ ಏರಿಸಿಲ್ಲ. ಅವು ನಿನ್ನ ಹತ್ತಿರ ಮಾತ್ರ ಇವೆ.

ಯಾರಾದರೂ ಕಂಡುಹಿಡಿದರೆ ಎಂದೂ ಕೇಳಿದ್ದೀಯ. ಯಂತ್ರದ ಬರಹವನ್ನು ಪತ್ತೆಹಚ್ಚಲು ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಸಾಧನವನ್ನು ಬಿಟ್ಟಿತ್ತು. ನಿಖರತೆ ಸಾಲದೆಂದು ಅದೇ ವರ್ಷ ಜುಲೈನಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಅದರ ಚಿಂತೆ ಬಿಡು. ಮುಂದಿನ ಸಾಲಿನಲ್ಲಿ ಮೇಷ್ಟ್ರು ಕುಳಿತಿರುತ್ತಾರೆ, ಅವರ ಮುಖ ನೋಡಿಕೊಂಡು ನೀನು ಓದಬೇಕು. ನನಗಿರುವ ಚಿಂತೆ ಅದು.

ಬರಹಕ್ಕೆ ಸಹಜತೆ ಬರಲೆಂದು ಕೆಲವರು ಅಲ್ಲಲ್ಲಿ ಗಾದೆ ಸೇರಿಸುತ್ತಾರೆ, ಬೇಕೆಂದೇ ಕಾಗುಣಿತ ತಪ್ಪಿಸುವವರೂ ಇದ್ದಾರೆ. ನನಗೆ ಇದು ಕಂಡರಾಗದು. ಇನ್ನು ಕೆಲವರು ಯಂತ್ರಕ್ಕೇ ‘ಆಪ್ತವಾಗಿಸು’ ಎನ್ನುತ್ತಾರೆ. ಅಪಾಯ ಇರುವುದು ಅಲ್ಲಿ. ಆಪ್ತವಾದದ್ದು ಅದರ ಬಳಿ ಇಲ್ಲದಿದ್ದರೆ ಹುಟ್ಟಿಸಿಕೊಡುತ್ತದೆ.

ಅಪ್ಪ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಮನೆಯವರೆಲ್ಲ ಸೇರಿ ಒಂದು ನೆನಪಿನ ಪುಸ್ತಿಕೆ ತಂದೆವಲ್ಲ, ಅದಕ್ಕೆಂದು ನನ್ನ ಟಿಪ್ಪಣಿಗಳನ್ನು ಯಂತ್ರಕ್ಕೆ ಕೊಟ್ಟಿದ್ದೆ. ಚಾಮರಾಜಪೇಟೆಯ ಮುದ್ರಣಾಲಯ, ಅಚ್ಚಿನ ಮೊಳೆ ಜೋಡಿಸುವ ಕೆಲಸ, ಕಡಲೆಕಾಯಿ ಪರಿಷೆ, ಇಷ್ಟನ್ನೇ ಬರೆದಿದ್ದೆ. ಅದು ಬರೆಯಿತು: ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಮುಂದಿನ ಜನಜಂಗುಳಿ, ಅಪ್ಪನ ಹೆಗಲ ಮೇಲೆ ನಾನು, ಅವರ ಮಸಿ ಹತ್ತಿದ ಕೈ ನನ್ನ ಪಾದವನ್ನು ಹಿಡಿದಿದೆ.

ಅಪ್ಪ ನನ್ನನ್ನು ಪರಿಷೆಗೆ ಕರೆದುಕೊಂಡು ಹೋದವರೇ ಅಲ್ಲ. ಆ ದಿನವೂ ಅವರಿಗೆ ಕೆಲಸ. ಮನೆ ಸೇರುವಷ್ಟರಲ್ಲಿ ನಾನು ತೂಕಡಿಸುತ್ತಿರುತ್ತಿದ್ದೆ. ಬೇಡವಾದ ಪ್ರೂಫ್ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಕೊಂಡು ತರುತ್ತಿದ್ದರು. ನಾನು ಕಾಯಿ ತಿನ್ನುತ್ತಿದ್ದರೆ ಅವರು ಪೊಟ್ಟಣವನ್ನು ಬಿಡಿಸಿ, ಮಡಿಕೆ ನೀವಿ, ಅದೇ ಹಾಳೆಯಲ್ಲಿ ಉಳಿದುಹೋದ ತಪ್ಪನ್ನು ಹುಡುಕುತ್ತಿದ್ದರು. ಸಿಕ್ಕಿದರೆ ಉಗುರಿನಿಂದ ಗೀರುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ.

ಹೆಗಲಿನ ಸಾಲುಗಳನ್ನು ಆಗಲೇ ಹೊಡೆದುಹಾಕಿದೆ, ಪುಸ್ತಿಕೆಯಲ್ಲಿ ಅವು ಬರಲಿಲ್ಲ. ನನ್ನ ತಲೆಯಿಂದ ಮಾತ್ರ ಹೋಗಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ಹೋಗುವಾಗ ಎತ್ತರದಿಂದ ಕಡಲೆಕಾಯಿಯ ರಾಶಿಗಳನ್ನು ನೋಡಿದ ಹಾಗೆ ನೆನಪಾಗುತ್ತದೆ. ಹಾಗೆ ನಾನು ಯಾವತ್ತೂ ನೋಡಿಲ್ಲ. ಪಾದದ ಮೇಲೆ ಕೈ ಇದ್ದ ಹಾಗೆ ಕೂಡ. ಅದು ಸುಳ್ಳು ಎಂದು ಗೊತ್ತಿದ್ದೂ ಒಮ್ಮೊಮ್ಮೆ ಬಿಡಲು ಮನಸ್ಸು ಬರುವುದಿಲ್ಲ. ಯಾಕೆಂದರೆ ನಾನು ಬಯಸಿದ್ದು ಅದನ್ನೇ. ಅಪ್ಪ ನನ್ನನ್ನು ಎತ್ತಿಕೊಳ್ಳಲಿಲ್ಲ ಎಂಬ ದೂರು ಈ ವಯಸ್ಸಿನಲ್ಲೂ ನನ್ನೊಳಗಿದೆ ಎಂದು ಅಮ್ಮನಿಗೂ ಹೇಳಿಲ್ಲ, ನಿನಗೂ ಹೇಳಿರಲಿಲ್ಲ. ಪುಸ್ತಿಕೆಗೆ ಪೊಟ್ಟಣದ ಸಂಗತಿಯನ್ನೇ ಬರೆದುಕೊಟ್ಟೆ. ಅದನ್ನು ಓದಿದ ಚಿಕ್ಕಪ್ಪ, ‘ಅಣ್ಣ ಹೀಗೇ ಇದ್ದ’ ಎಂದು ಬಹಳ ಹೊತ್ತು ಅತ್ತರು. ಹೆಗಲ ಮೇಲಿನ ಮಗುವನ್ನು ಓದಿ ಅವರು ಅಳುತ್ತಿರಲಿಲ್ಲ, ಆ ಅಣ್ಣನನ್ನು ಅವರು ಕಂಡೇ ಇರಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತವನಲ್ಲ. ಇರಲಿ, ನಿನ್ನ ಭಾಷಣಕ್ಕೆ ಬರೋಣ.

ಆ ಕರಡನ್ನು ಬದಿಗಿಡು. ಮೇಷ್ಟ್ರ ಬಗ್ಗೆ ನಿನ್ನ ತಂಗಿಗೆ ಹೇಳುವ ಹಾಗೆ ಹೇಳುತ್ತಾ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೋ. ಅವಳು ನಡುವೆ ಬಾಯಿ ಹಾಕಿದರೆ ಇನ್ನೂ ಒಳ್ಳೆಯದು. ಯಂತ್ರ ಬೇಕೆಂದರೆ ಅದಕ್ಕೆ ಬರೆಯುವ ಕೆಲಸ ಕೊಡಬೇಡ, ಕೇಳುವ ಕೆಲಸ ಕೊಡು: ‘ನಾನು ಹೇಳಿದ್ದರಲ್ಲಿ ಎಲ್ಲಿ ಸ್ಪಷ್ಟವಿಲ್ಲ, ಪ್ರಶ್ನೆಗಳನ್ನು ಮಾತ್ರ ಕೇಳು’ ಎನ್ನು. ಅದು ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತದೆ. ಉತ್ತರ ನಿನ್ನದಿರಲಿ, ಯಾವುದು ಮೊದಲು ಯಾವುದು ಆಮೇಲೆ ಎಂಬುದೂ ನಿನ್ನದೇ ಇರಲಿ. ಕಾಗುಣಿತವನ್ನು ನಾನು ನೋಡುತ್ತೇನೆ. ಅಡಿಕೆಯಿಂದಲೇ ಶುರುಮಾಡು. ಬದುಕಿನ ಲೆಕ್ಕಾಚಾರವನ್ನು ಪೂರ್ತಿ ಕೈಬಿಡು.

ಶುಕ್ರವಾರದೊಳಗೆ ಧ್ವನಿಮುದ್ರಣ ಕಳುಹಿಸು. ಸಮಾರಂಭ ಮುಗಿಸಿ ಬೆಂಗಳೂರಿಗೆ ಬಾ, ಮೂರನೇ ಇಡ್ಲಿಯ ಒಪ್ಪಂದ ಇನ್ನೂ ಜಾರಿಯಲ್ಲಿದೆ.

ನಿನ್ನ,
ಬಸವನಗುಡಿಯವನು